ಸರಿದು ಕೂತ ಎಕ್ಸ್‌ರೇಗಳು

ಇಂದು ಬೆಳಿಗ್ಗೆ ಠಾಣೆ ಶಹರಕ್ಕೆ ಹೊರಟ ಲೋಕಲ್ ರೈಲಿನಲ್ಲಿ, ಸೀವುಡ್ಸ್‌ನಲ್ಲಿ ಹತ್ತಿದ ಹೆಂಗಸೊಬ್ಬರಿಂದ ಕೊಬ್ಬರಿ ಎಣ್ಣೆಯೂ ಮಲ್ಲಿಗೆಯೂ ಬೆರೆತ ವಾಸನೆ ಬಂತು. ಅಕ್ಕನ ವಾಸನೆ. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಠಾಣೆಯ ಎಕ್ಸ್‌ರೇ ಕೇಂದ್ರದಲ್ಲಿ ಕಂಪ್ಯೂಟರಿನ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ನನ್ನ ಹಿರಿಯರು, ಕುಂದಾಪುರದ ಕಡೆಯವರು.

ನಾನು ಸೇರಿದ ಹೊಸತು. ಡಿಸ್ಕ್ ತುಂಬಿ ಹೊಸ ಎಕ್ಸ್‌ರೇ ಸೇವ್ ಆಗುತ್ತಿರಲಿಲ್ಲ. ಎರಡೆರಡು ಸಲ ಸೇರಿಕೊಂಡಿದ್ದ ಚಿತ್ರಗಳನ್ನು ಹುಡುಕಿ ಅಳಿಸಿದೆವು, ಉಳಿದವನ್ನು ವರ್ಷವಾರು ಜೋಡಿಸಿದೆವು... ಆದರೂ ಡಿಸ್ಕ್ ಮೊದಲಿನಷ್ಟೇ ತುಂಬಿತ್ತು. ಹೊರಗೆ ಬೆಂಚಿನ ಮೇಲೆ ಕೈಗೆ ಜೋಳಿಗೆ ಕಟ್ಟಿಕೊಂಡವರು, ಕಾಲು ಚಾಚಿದವರು ಕಾಯುತ್ತಿದ್ದರು.

ಮಾಲಕರು ಬಂದರು. "ಡಿಲೀಟ್ ಕೇಲಂ ನಾ? ಮಗ ಜಾಗಾ ಕುಠೇ?"

ಅಳಿಸಿದ ಮೇಲೂ ಜಾಗವೆಲ್ಲಿ ಎಂದು ಅವರ ಪ್ರಶ್ನೆ. ಊಟದ ಹೊತ್ತಿನೊಳಗೆ ಆಗದಿದ್ದರೆ ಹಳೆಯ ವರ್ಷಗಳ ಎಕ್ಸ್‌ರೇಗಳನ್ನೆಲ್ಲ ತೆಗೆದುಬಿಡಿ ಎಂದು ಹೇಳಿ ಹೋದರು. ಮೂಳೆ ಕೂಡಿದೆಯೇ ಎಂದು ಹೋಲಿಸಲು ಡಾಕ್ಟರಿಗೆ ಹಳೆಯದೇ ಬೇಕು. ನಾನು ಅಕ್ಕನ ಕಡೆ ತಿರುಗಿದೆ.

ಅಕ್ಕ ನಕ್ಕರು. "ಡೊಂಬಿವಲಿ ಸ್ಟೇಷನಲ್ಲಿ ಜನ ಇಳಿದ್ರೆ ಎಂತ ಆತ್ತ್ ಹೆಣೆ? ಕೂತವ್ರು ಅಗಲ ಆಯಿ ಕೂಕಂತ್ರ್. ಜಾಗ ಇತ್ತ್, ಸಿಕ್ಕುದಿಲ್ಲ. 'ಸರ್ಕೋ' ಅಂದ್ರೇ ಸರಿಯುದ್. ಎಲ್ಲ ಒಂದ್ ಬದಿಗೆ ಸರಿದ್ರೆ ಕೊನೆ ಡಬ್ಬಿ ಖಾಲಿ. ಅದನ್ನ ಬಿಚ್ಚಿ ರೈಲ್ವೆಗೆ ವಾಪಸ್ ಕೊಡುದ್."

ಚೆದುರಿದ್ದ ಚಿತ್ರಗಳನ್ನು ಒತ್ತಟ್ಟಿಗೆ ಸರಿಸಿ, ಕೊನೆಯಲ್ಲಿ ಉಳಿದ ಖಾಲಿ ಭಾಗವನ್ನು ಡಿಸ್ಕಿಗೆ ಮರಳಿಸುವ ಕೆಲಸ ಶುರುವಾಯಿತು. ಮೊದಲು ನಕಲು ತೆಗೆದಿಡಲು ಜಾಗವೇ ಇರಲಿಲ್ಲ. ಪರದೆಯ ಗೆರೆ ತೆವಳಿತು, ನಿಂತಿತು, ಮತ್ತೆ ತೆವಳಿತು... ಆಮೇಲೆ ಒಮ್ಮೆಲೇ ಅರ್ಧ ಡಿಸ್ಕ್ ಖಾಲಿ.

"ಅಕ್ಕಾ, ಎಲ್ಲಾ ಹೋಯ್ತಾ?" ನನಗೆ ಕೇಳಿದ್ದು ನನ್ನ ದನಿಯಂತಿರಲಿಲ್ಲ.

"ನನ್ನ ಹೆಸ್ರು ಹಾಕಿ ಕಾಣ್."

ಹಿಂದೊಮ್ಮೆ ಅವರು ಅಲ್ಲಿಯೇ ತೆಗೆಸಿದ್ದ ಎದೆಯ ಎಕ್ಸ್‌ರೇ ತೆರೆಯಿತು. ಪಕ್ಕೆಲುಬುಗಳ ನಡುವೆ ಮಸುಕಾದ ಬಿಳಿ ಆಕಾರ.

"ಕಂಡ್ಯಾ? ಹೃದಯ ಇತ್ತ್. ನಮ್ಮನೆಯವ್ರು ಇಲ್ಲ ಅಂತ್ರ್."

ಬೆಂಚಿನಿಂದ ಮೊದಲನೆಯವರನ್ನು ಒಳಗೆ ಕರೆದಾಗ ಊಟದ ಹೊತ್ತು ಇನ್ನೂ ಆಗಿರಲಿಲ್ಲ.

ಅಕ್ಕ ತೀರಿಕೊಂಡು ಎರಡು ಮಳೆಗಾಲ ಕಳೆದವು. ಈಗ ಆ ದಾಖಲೆಗಳು ನನ್ನ ಕೈಯಲ್ಲಿವೆ. ಜಾಗ ಬಿಡಿಸಿದಾಗಲೆಲ್ಲ, ಉಳಿಯಬೇಕಾದದ್ದು ಉಳಿದಿದೆಯೇ ಎಂದು ನೋಡಲು ಅದೇ ಹೆಸರು ಹಾಕುತ್ತೇನೆ. ಇಂದೂ ಹಾಕಿದೆ. ಚಿತ್ರ ತೆರೆಯಿತು.

"ಅಕ್ಕ ಇದ್ದಾರೆ," ಎಂದೆ, ಸ್ವಲ್ಪ ಜೋರಾಗಿಯೇ.

ಹೊಸದಾಗಿ ಸೇರಿದ ಹುಡುಗಿ ಪಕ್ಕದ ಮೇಜಿನಿಂದ ತಲೆ ಎತ್ತಿದಳು. "ಎಲ್ಲಿ?" ಎಂದು ಬಾಗಿಲ ಕಡೆ ನೋಡಿದಳು.