ರಂಗೂನ್ ಚಿಕ್ಕಮ್ಮನ ನಡಿಗೆ

ಚಿಕ್ಕಮ್ಮನ ಎರಡೂ ಕಾಲಿನ ಹೆಬ್ಬೆರಳುಗಳಿಗೆ ಉಗುರಿರಲಿಲ್ಲ. ಆ ಜಾಗದಲ್ಲಿ ಹುಣಸೆಬೀಜದಂತೆ ನುಣುಪಾದ ಕಂದು ಚರ್ಮವಿತ್ತು. ಸಂಜೆ ಬಿಸಿನೀರಿಗೆ ಉಪ್ಪು ಹಾಕಿ ಪಾದ ಇಳಿಬಿಟ್ಟುಕೊಂಡು ಕೂರುತ್ತಿದ್ದರು. ಅವರು ನೆಮ್ಮದಿಯಾಗಿ ಕೂತಿದ್ದನ್ನು ನಾನು ಕಂಡದ್ದು ಆಗ ಮಾತ್ರ.

ರಕ್ತಸಂಬಂಧವೇನಲ್ಲ. ಜಪಾನಿನವರ ಬಾಂಬಿಗೆ ರಂಗೂನು ಬಿಟ್ಟು, ಗಂಡನೊಡನೆ ಕಾಡು ಬೆಟ್ಟಗಳನ್ನು ನಡೆದೇ ದಾಟಿ, ನಲವತ್ತೆರಡರಲ್ಲಿ ಚಾಮರಾಜಪೇಟೆಯ ನಮ್ಮ ವಠಾರದ ಕೊನೆಯ ಮನೆಗೆ ಬಂದವರು. ಚಿಕ್ಕಪ್ಪ ರಂಗೂನಿನಲ್ಲಿ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರಂತೆ.

ಚಿಕ್ಕಮ್ಮ ನೀರನ್ನು ಕುದಿಸದೆ ಕುಡಿಯುತ್ತಿರಲಿಲ್ಲ, ಕುಡಿಯಲು ಬಿಡುತ್ತಲೂ ಇರಲಿಲ್ಲ. ತಲೆನೋವಿರಲಿ, ಮೈಕೈ ನೋವಿರಲಿ, ಅವರ ಮದ್ದು ಒಂದೇ: "ಏಳು, ನಾಕು ಸುತ್ತು ಹಾಕು." ಸೊಂಟ ಹಿಡಿದಿದ್ದ ನಮ್ಮಜ್ಜಿಯನ್ನೂ ಹಾಗೆಯೇ ಎಬ್ಬಿಸಿ ಓಡಾಡುವಂತೆ ಮಾಡಿದ್ದರು. ಎದುರುಮನೆಯ ಪದ್ದಮ್ಮ ಒಮ್ಮೆ ಛೇಡಿಸಿದರು.

"ನಿಮ್ಮ ರಂಗೂನಲ್ಲಿ ಕುರ್ಚಿಗಳೇ ಇರ್ಲಿಲ್ವೇನ್ರೀ?"

"ಇದ್ವು ಕಣ್ರೀ. ದಾರೀಲಿ ಕೂತೋರು ಮಾತ್ರ ಯಾರೂ ಬರ್ಲಿಲ್ಲ."

ಪದ್ದಮ್ಮನ ನಗು ಅಲ್ಲೇ ನಿಂತಿತು. ಐದೇ ನಿಮಿಷ ಎಂದು ಮರದ ಬುಡದಲ್ಲಿ ಕೂತ ಚಿಕ್ಕಮ್ಮನ ಓರಗಿತ್ತಿ ಮತ್ತೆ ಏಳಲಿಲ್ಲವಂತೆ. ಮಾರನೇ ದಿನ ಜ್ವರದಲ್ಲಿ ಕುಸಿದ ಚಿಕ್ಕಪ್ಪನನ್ನು ಇವರು ಬೈದು, ಗಿಲ್ಲಿ, ಎಬ್ಬಿಸಿ ನಡೆಸಿದರು. ಚಿಕ್ಕಪ್ಪ ಉಳಿದರು.

ವಠಾರಕ್ಕೆ ಬಂದ ಎರಡು ವರ್ಷದ ಮೇಲೆ ಚಿಕ್ಕಪ್ಪನಿಗೆ ಟೈಫಾಯ್ಡ್ ಬಂತು. ಡಾಕ್ಟರು, "ಕರುಳು ಹುಣ್ಣಾಗಿರತ್ತೆ. ಜ್ವರ ಬಿಟ್ರೂ ನಾನು ಹೇಳೋವರೆಗೆ ಮಂಚದಿಂದ ಇಳಿಸಬೇಡಿ" ಎಂದು ಕಟ್ಟಪ್ಪಣೆ ಮಾಡಿದರು. ಚಿಕ್ಕಮ್ಮ ಎರಡು ವಾರ ಹಲ್ಲುಕಚ್ಚಿ ಆ ಮಾತು ಕೇಳಿದರು. ಗಂಜಿ ಕುಡಿಸುವರು, ಅಂಗಾಲು ತಿಕ್ಕುವರು, ಮಲಗಿದ ಗಂಡನ ಮುಖ ನೋಡಲಾರದೆ ಹೊರಗೆ ಬಂದು ನಿಲ್ಲುವರು.

ಮೂರನೇ ವಾರದ ಒಂದು ಮಧ್ಯಾಹ್ನ ಚಿಕ್ಕಪ್ಪ ಕಣ್ಣು ಮುಚ್ಚಿದವರು ಕರೆದರೂ ಓಗೊಡಲಿಲ್ಲ. ಚಿಕ್ಕಮ್ಮ ನನ್ನನ್ನು ಕೂಗಿದರು.

"ಬಾರೇ, ಆ ಕಡೆ ತೋಳು ಹಿಡ್ಕೋ."

"ಡಾಕ್ಟ್ರು ಬೇಡ ಅಂದಿದಾರಲ್ಲ ಚಿಕ್ಕಮ್ಮ..."

"ಡಾಕ್ಟ್ರು ಆ ದಾರೀಲಿ ನಡೆದು ಬಂದಿದ್ರೇನೇ? ಹಿಡ್ಕೋ ಅಂದ್ರೆ!"

ನನಗೆ ಹದಿನೈದು ವರ್ಷ. ಹಿಡಿದುಕೊಂಡೆ. ಅಂಗಳದಲ್ಲಿ ನಲ್ಲಿಕಟ್ಟೆಯ ಸುತ್ತ ನಡೆಸಿದೆವು. ಚಿಕ್ಕಪ್ಪ ಕಣ್ಣು ಬಿಟ್ಟು, ಮೆಲ್ಲಗೆ, "ಇವಳ ಕೈಗೆ ಸಿಕ್ಕಿದ್ರೆ ಯಮನೂ ನಡೀಬೇಕು ಮಗು" ಎಂದರು. ಚಿಕ್ಕಮ್ಮನ ಮುಖ ಅರಳಿತು. ಮೂರನೇ ಸುತ್ತಿಗೆ ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ಬಾಗಿದರು. "ಸಾಕು ಚಿಕ್ಕಮ್ಮ, ನನಗೆ ಭಯ ಆಗ್ತಿದೆ" ಎಂದು ನಾನು ಅತ್ತೆ. ಚಿಕ್ಕಮ್ಮ ಇನ್ನೂ ಎಳೆಯುತ್ತಲೇ ಇದ್ದರು. ಕೊನೆಗೆ ನನ್ನ ಅಳು ನೋಡಿ ನಿಲ್ಲಿಸಿದರು.

ಡಾಕ್ಟರು ಬಂದಾಗ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ನನ್ನನ್ನು ಹೊರಗೆ ಕರೆದು, "ಯಾರಮ್ಮ ಎಬ್ಬಿಸಿದ್ದು?" ಎಂದರು. ನಾನು ನೆಲ ನೋಡಿದೆ. "ಕರುಳು ತೂತು ಬಿದ್ದಿದೆ. ಇನ್ನು ನನ್ನ ಕೈಲಿ ಏನೂ ಇಲ್ಲ" ಎಂದು ಚೀಲ ಮುಚ್ಚಿದರು. ಮರುದಿನ ಚಿಕ್ಕಪ್ಪ ತೀರಿಕೊಂಡರು.

ಚಿಕ್ಕಮ್ಮ ಆಮೇಲೆ ಒಂಬತ್ತು ವರ್ಷ ಬದುಕಿದರು. ನನ್ನ ಮದುವೆಗೆ ಹಪ್ಪಳ ಲಟ್ಟಿಸಿದರು, ನನ್ನ ಬಾಣಂತನಕ್ಕೆ ನಿಂತರು. ಏನೋ ಕೆಲಸದ ನಡುವೆ ಥಟ್ಟನೆ ನನ್ನ ಕೈ ಹಿಡಿದು ಕೇಳುವರು.

"ಇನ್ನೆರಡು ಸುತ್ತು ಹಾಕಿಸಿದ್ದಿದ್ರೆ ಉಳ್ಕೋತಿದ್ರು, ಅಲ್ವೇನೇ?"

ಹಿಂದೆಯೇ ನನ್ನ ತಲೆ ಸವರಿ, "ಹೋಗ್ಲಿ ಬಿಡು. ನೀನು ಅತ್ತೆ, ನಾನು ನಿಲ್ಲಿಸಿದೆ. ಚಿಕ್ಕವಳು, ನಿನಗೇನು ಗೊತ್ತಿತ್ತು ಪಾಪ" ಎನ್ನುವರು.

ಅವರು ಕೊಟ್ಟ ಆ ಕ್ಷಮೆಯನ್ನು ಪ್ರತಿ ಸಲವೂ ತಲೆ ತಗ್ಗಿಸಿ ತೆಗೆದುಕೊಂಡೆ. ಬೇಡವೆನ್ನಲು ನಿಜ ಹೇಳಬೇಕಿತ್ತು.