ಬಿರುಕಿನ ಮೇಲೆ ಅಂಟಿಸಿದ ಗಾಜು

ಆ ಶನಿವಾರ ನಮ್ಮವರು ಗೋಂಗೂರ ಪಚ್ಚಡಿಗೆ, ಅಂದರೆ ನಮ್ಮ ಪುಂಡಿಸೊಪ್ಪಿನ ಚಟ್ನಿಗೆ, ಎರಡು ಸಲ ಅನ್ನ ಹಾಕಿಸಿಕೊಂಡು ಕೆಲಸಕ್ಕೆ ಹೋದರು. ಸಂಜೆಗೆ ಇನ್ನೊಂದು ಗಾಜು ಒಡೆಯಿತು.

ನಮ್ಮವರೆಂದರೆ ನನ್ನ ಗಂಡ ಅಣ್ಣಪ್ಪ, ಬಳ್ಳಾರಿ ಕಡೆಯವರು. ಭೀಮುನಿಪಟ್ಟಣದ ಹತ್ತಿರದ ಸಣ್ಣ ಅಣೆಕಟ್ಟಿಗೆ ಕಾವಲುಗಾರ. ಅದರ ನೀರು ಗದ್ದೆಗಲ್ಲ, ಕುಡಿಯಲಿಕ್ಕೂ ಅಲ್ಲ. ಭಾನುವಾರ ವಿಶಾಖಪಟ್ಟಣದವರು ದೋಣಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳಲಿಕ್ಕೆ.

ಕಟ್ಟೆಯ ಗೋಡೆ ಬಿರುಕು ಬಿಟ್ಟಿತ್ತು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದ್ದರು. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ದೋಣಿ ನಿಲ್ಲಿಸಿ ನೀರು ಬಿಡಬೇಕು. ನಾಲ್ಕು ತಿಂಗಳಲ್ಲಿ ಮೂರು ಒಡೆದಿದ್ದವು. ಪ್ರತಿ ಸಲ ಇಂಜಿನಿಯರ್ ನರಸಿಂಹಮೂರ್ತಿಯವರು ಹೊಸದು ಅಂಟಿಸಲು ಹೇಳಿದರು. ವರದಿಯಲ್ಲಿ ಕೇಳುತ್ತಿದ್ದದ್ದು ಗಾಜು ಸರಿಯಿದೆಯೇ ಎಂದು ಮಾತ್ರ. ಹೊಸ ಗಾಜು ಸರಿಯಾಗಿಯೇ ಇರುತ್ತಿತ್ತು. ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯಿಂದ ನಮ್ಮವರೇ ತರುತ್ತಿದ್ದರು.

ಆ ಶನಿವಾರ ಸಂಜೆ ನಾಲ್ಕನೆಯದು ಒಡೆದಾಗ ಮಳೆ ಹಿಡಿದಿತ್ತು. ಇಬ್ಬರೂ ಛತ್ರಿ ಹಿಡಿದು ಇಂಜಿನಿಯರ ಮನೆಗೆ ಹೋದೆವು.

"ಸಾರ್, ಒಡಿಯಾಕ ಹತ್ತಿದ್ದು ಗಾಜಲ್ರಿ, ಗೋಡಿ. ನೀರು ಬಿಡಾಕ ಹೇಳ್ರಿ," ಎಂದರು ನಮ್ಮವರು.

"ಏಮಯ್ಯಾ ಅಣ್ಣಪ್ಪಾ, ನಾಳೆ ದೊಡ್ಡ ಸಾಹೇಬರ ಮೊಮ್ಮಗಳ ಬರ್ತ್‌ಡೇ, ದೋಣಿಯಲ್ಲಿ. ಕೆಸರಲ್ಲಿ ಕೇಕ್ ಕತ್ತರಿಸಲಾ? ದಪ್ಪ ಗಾಜು ಹಾಕು, ಒಡೆಯಲ್ಲ."

ದಾರಿಯಲ್ಲಿ ನಮ್ಮವರು ನಕ್ಕರು. "ಜ್ವರ ಬಂದ್ರ ಥರ್ಮಾಮೀಟರ್ ಬದಲಿಸೋ ಡಾಕ್ಟ್ರು ನೋಡು ಈತ."

"ಸುಮ್ಕಿರ್ರಿ, ನೌಕರಿ ಹೋದೀತು," ಎಂದೆ. ನನಗೆ ಅಷ್ಟೇ ತಿಳಿದಿತ್ತು.

ಭಾನುವಾರ ಬೆಳಕು ಹರಿಯುವ ಮೊದಲೇ ನಮ್ಮವರು ಯಾರನ್ನೂ ಕೇಳದೆ ತೂಬು ತೆರೆದರು. ಸಾಹೇಬರು ಬರುವಷ್ಟರಲ್ಲಿ ದಡಕ್ಕೆ ಕಟ್ಟಿದ್ದ ದೋಣಿಗಳು ಕೆಸರಿನಲ್ಲಿ ಕೂತಿದ್ದವು. ಇಂಜಿನಿಯರ್ ದಡದಿಂದ ಕೂಗಿದರು: "ಮುಚ್ಚಯ್ಯಾ ತೂಬು!"

ನಮ್ಮವರು ಮುಚ್ಚಲು ಕೆಳಗಿಳಿದರು. ಗೋಡೆ ಕುಸಿಯಿತು.

ಅರ್ಧ ನೀರು ಆಗಲೇ ಹೋಗಿತ್ತು. ಕೆಳಗಿನ ಬೆಸ್ತರ ಕೇರಿಗೆ ಮೊಣಕಾಲುದ್ದ ನೀರು ಬಂದು ಇಳಿಯಿತು. ಕೇಕಿಗೂ ಏನೂ ಆಗಲಿಲ್ಲ. ಹೋದವರು ನಮ್ಮವರೊಬ್ಬರೇ.

ಆಫೀಸಿನವರು ವರದಿಯನ್ನು ನನಗೆ ಓದಿ ಹೇಳಿದರು: ಕಾವಲುಗಾರ ಅಪ್ಪಣೆಯಿಲ್ಲದೆ ತೂಬು ತೆರೆದದ್ದರಿಂದ ಕಟ್ಟೆ ಹಾಳಾಯಿತು. ಗಾಜು ಸರಿಯಿತ್ತು.

ತಪ್ಪು ನಮ್ಮವರದಲ್ಲ ಎಂದು ಅರ್ಜಿ ಬರೆಸಿ ಕೊಟ್ಟೆ. ವಿಚಾರಣೆಯ ಕಡತ ವಿಜಯವಾಡದ ದೊಡ್ಡ ಆಫೀಸಿಗೆ ಹೋಯಿತು. ಕನಿಕರದ ಮೇಲೆ ನನಗೂ ಅಲ್ಲೇ ಕಸ ಗುಡಿಸುವ ಕೆಲಸ ಕೊಟ್ಟರು. ಆರು ವರ್ಷವಾಯಿತು. ಇಬ್ಬರು ಸಾಹೇಬರು ಬದಲಾದರು. ಮೂರನೆಯವರು ಒಳ್ಳೆಯವರು, "ನೋಡೋಣಮ್ಮಾ" ಎನ್ನುತ್ತಾರೆ.

ಓದು ಬಾರದಿದ್ದರೂ ನಮ್ಮವರ ಹೆಸರು ಗುರುತಿಸಬಲ್ಲೆ. ದಿನಾ ನಾನಿರುವ ಪಟಮಟದಿಂದ ಮೊದಲ ಬಸ್ಸಿಗೆ ಬಂದು ಬೀಗ ತೆಗೆಯುತ್ತೇನೆ. ಸಾಹೇಬರ ಮೇಜಿನ ಮೇಲಿನ ರಾಶಿಯ ಅಡಿಯಿಂದ ಆ ಕಡತ ಎಳೆದು, ಧೂಳು ಒರೆಸಿ, ಎಲ್ಲಕ್ಕಿಂತ ಮೇಲಿಡುತ್ತೇನೆ. ಆಮೇಲೆ ಪೊರಕೆ ಹಿಡಿಯುತ್ತೇನೆ.