ಅರವತ್ನಾಲ್ಕು ಅಪವರ್ತನಗಳ ಹಸು

ರಾಜಘಟ್ಟದ ಮುನಿತಾಯಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆದವಳು. ಮದುವೆಯಾಗಿ ಓದು ನಿಂತಿತು, ಭಾಗಾಕಾರ ಮಾತ್ರ ನಿಲ್ಲಲಿಲ್ಲ. ಐವತ್ತಾರರ ಈ ವಯಸ್ಸಿನಲ್ಲೂ ಬಸ್ಸಿನ ನಂಬರೋ ಗ್ಯಾಸ್ ಸಿಲಿಂಡರಿನ ನಂಬರೋ ಕಣ್ಣಿಗೆ ಬಿದ್ದರೆ ಏಳರಿಂದ ಹೋಗುತ್ತದೆಯೇ, ಹದಿಮೂರರಿಂದ ಹೋಗುತ್ತದೆಯೇ ಎಂದು ನೋಡದೆ ಬಿಡುವವಳಲ್ಲ. ಯಾವುದರಿಂದಲೂ ಹೋಗದ ಅವಿಭಾಜ್ಯ ಸಂಖ್ಯೆ ಸಿಕ್ಕ ದಿನ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು.

ಕಳೆದ ಕಾರ್ತೀಕದ ಒಂದು ಮಧ್ಯಾಹ್ನ ಪಶು ಆಸ್ಪತ್ರೆಯ ನಂದೀಶ್ ಬಂದು ಅವಳ ಸೀಮೆಹಸುವಿನ ಕಿವಿಗೆ ನಂಬರಿನ ಹಳದಿ ಓಲೆ ಹಾಕಿದ. ಆ ನಂಬರನ್ನು ಮೊಬೈಲಿಗೆ ಹಾಕಲು ಹೋದರೆ ಅದು ಒಪ್ಪಲೊಲ್ಲದು. ಮೊದಲ ಸಲ ಹದಿನೈದು ಅಂಕಿ ಒತ್ತಿದ್ದ, ಎರಡನೆಯ ಸಲ ಒಂಬತ್ತು.

“ಅಕ್ಕಾ, ಈ ಓಲೆ ಸರಿಯಿಲ್ಲ. ನೂರಮೂವತ್ತೇಳು ನೂರಮೂವತ್ತೇಳು ಅಂತ ಸುತ್ಕೊಂಡು ಸುತ್ಕೊಂಡು ಬರ್ತದೆ, ತಲೆ ತಿರುಗ್ತದೆ. ಕಿತ್ತು ಬೇರೆ ಹಾಕ್ಬಿಡ್ತೀನಿ.”

ಸಗಣಿ ಕೈಯಲ್ಲೇ ಬಂದ ಮುನಿತಾಯಮ್ಮ ಕಿವಿ ನೋಡಿದಳು. 137137137137.

“ಆ ಕಿವಿ ಮುಟ್ಟಿದ್ರೆ ನೋಡು! ನಾಲ್ಕೇ ಸಲ ಕಣಪ್ಪಾ. ನಾನು ಹೇಳ್ತೀನಿ, ನೀನು ಒತ್ತು.”

ಮೊಬೈಲು ಒಪ್ಪಿತು. ನಂದೀಶ್ ಬದುಕಿದೆಯಾ ಬಡಜೀವವೇ ಎಂದು ಹೊರಟ. ಅವಳು ಕೈ ತೊಳೆದು, ಸೀಮೆಸುಣ್ಣ ಹಿಡಿದು ಜಗಲಿಯ ಮೇಲೆ ಕೂತಳು.

ಏಳರಿಂದ ಹೋಯಿತು. ಹನ್ನೊಂದರಿಂದ ಹೋಯಿತು. ಹದಿಮೂರು! “ಹೋಯ್ತೂ!” ಎಂದು ಅವಳು ಕೂಗಿದಾಗಲೆಲ್ಲ ಹಸು ಬೆಚ್ಚುತ್ತಿತ್ತು. ನೂರಮೂವತ್ತೇಳೂ ಹೋಗಿ ಹತ್ತು ಲಕ್ಷದ ಒಂದು ಉಳಿಯಿತು. ಅದನ್ನು ನೂರೊಂದರಿಂದ ಭಾಗಿಸಿದರೆ ಬಂದದ್ದು 9901. ಇನ್ನು ನೂರರೊಳಗಿನ ಯಾವ ಅವಿಭಾಜ್ಯದಿಂದಲೂ ಇದು ಹೋಗದಿದ್ದರೆ ಇದೂ ಅವಿಭಾಜ್ಯವೇ.

ಸಂಜೆಯಾಯಿತು. ಗಂಡ ಗಂಗಣ್ಣ ಬಿಂದಿಗೆ ಹಿಡಿದು ಬಂದ. “ಹಾಲು ಕರೆಯೋ ಹೊತ್ತಾಯ್ತು ಕಣೇ, ಡೈರಿ ಮುಚ್ಬಿಡ್ತಾರೆ.”

“ಎಪ್ಪತ್ತೊಂಬತ್ತರಲ್ಲಿದ್ದೀನಿ, ಮಾತಾಡಿಸ್ಬೇಡಿ!”

ಗಂಗಣ್ಣ ತಾನೇ ಕರೆಯಲು ಕೂತ. ಕೊನೆಯ ತೊಂಬತ್ತೇಳರಲ್ಲೂ ಶೇಷ ಏಳು! ಮುನಿತಾಯಮ್ಮ ಸೆರಗು ಸಿಕ್ಕಿಸಿಕೊಂಡು ಜಗಲಿಯಿಂದ ಧುಮುಕಿದಳು. ಆರು ಬೇರೆ ಬೇರೆ ಅವಿಭಾಜ್ಯಗಳು, ಯಾವುದೂ ಎರಡು ಸಲ ಇಲ್ಲ. ಒಂದೊಂದನ್ನೂ ಸೇರಿಸಬಹುದು, ಬಿಡಬಹುದು. ಆರು ಎರಡುಗಳನ್ನು ಗುಣಿಸಿದರೆ ಅಪವರ್ತನಗಳ ಲೆಕ್ಕ ಸಿಕ್ಕಿಬಿಡುತ್ತದೆ.

ಹಾಲಿನ ಕ್ಯಾನು ತೂಗಾಡಿಸುತ್ತ ಡೈರಿಗೆ ಓಡಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಸಾರಿದಳು: “ನಮ್ಮ ಹಸೂಗೆ ಅರವತ್ನಾಲ್ಕು!”

ಹಾಲು ಅಳೆಯುವ ರಮ್ಯ ಕಣ್ಣರಳಿಸಿದಳು. “ಲೀಟ್ರಾ, ಅತ್ತೆ?”

ಮುನಿತಾಯಮ್ಮ ನಕ್ಕು ನಕ್ಕು ಹಾಲು ಚೆಲ್ಲಿಕೊಂಡಳು. ನಗು ನಿಂತ ಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಕೆಲವರಿಗೆ ತಿಳಿಯಿತು, ಕೆಲವರಿಗೆ ಇಲ್ಲ. ಆದರೆ ಮರುದಿನ ಬೆಳಿಗ್ಗೆ ನಾಲ್ವರು ಹೆಂಗಸರು ತಂತಮ್ಮ ಹಸುಗಳ ನಂಬರು ಅಂಗೈಯಲ್ಲಿ ಬರೆದುಕೊಂಡು ಜಗಲಿಗೆ ಬಂದರು. ಮೊದಲು ಕೈ ಚಾಚಿದವಳು ರಮ್ಯ. ಕೊನೆಯ ಅಂಕಿ ಆರು.

“ಎರಡರಿಂದ ಹೋಯ್ತು!” ಎಂದಳು ಮುನಿತಾಯಮ್ಮ.

ರಮ್ಯ ತನ್ನ ಅಂಗೈಯ ಅಂಕಿಗಳನ್ನು ಬೆರಳಿಟ್ಟು ಕೂಡಿದಳು, ಇನ್ನೊಮ್ಮೆ ಕೂಡಿದಳು. “ಅತ್ತೆ, ಮೂರರಿಂದಾನೂ ಹೋಗ್ತದೆ!” ಎಂದು ಕಿರುಚಿ, ಸೀಮೆಸುಣ್ಣಕ್ಕೆ ಕೈ ಹಾಕಿದಳು.